ಭಾನುವಾರ ಎಡವದ ಕುದುರೆ

ಆರೋಪಿ ಹನ್ನೊಂದು ವರ್ಷದ ಹೆಣ್ಣು ಕುದುರೆ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಥರೋಬ್ರೆಡ್ ತಳಿ. ರೇಸ್‌ನಲ್ಲಿ ಓಡುತ್ತಿದ್ದ ಕಾಲಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ. ಈಗ ಲಾಯದಲ್ಲಿ ಎಲ್ಲರ ಬಾಯಲ್ಲೂ ರಾಣಿ. ಆರೋಪ ಇಷ್ಟು: ನಡೆಯುವಾಗ ಎಡವುತ್ತಾಳೆ, ಸಣ್ಣ ಓಟಕ್ಕೆ ಬಿಟ್ಟರೆ ಮುಗ್ಗರಿಸುತ್ತಾಳೆ. ಒಂದು ಸಲ ಎರಡೂ ಮುಂಗಾಲು ಮಡಿಚಿ ಮೊಣಕಾಲೂರಿಬಿಟ್ಟಳು. ಬೆನ್ನ ಮೇಲಿದ್ದ ಹುಡುಗಿ ಕುತ್ತಿಗೆಯ ಮೇಲಿಂದ ಜಾರಿ ಮುಂದೆ ಬಿದ್ದಳು. ಹುಡುಗಿಗೆ ಮೊಣಕೈ ಕೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ರಾಣಿಯ ಮೊಣಕಾಲಿನ ಚರ್ಮ ಕಿತ್ತುಬಂತು. ಆ ಗಾಯ ಮಾಯ್ದ ಜಾಗದಲ್ಲಿ ಕೂದಲು ಬಿಳಿಯಾಗಿ ಹುಟ್ಟಿದೆ.

ಲಾಯ ಇರುವುದು ದೇವನಹಳ್ಳಿಯ ಕಡೆ, ದೊಡ್ಡ ರಸ್ತೆಯಿಂದ ಒಳಗೆ, ದ್ರಾಕ್ಷಿ ಚಪ್ಪರಗಳ ಮಗ್ಗುಲಲ್ಲಿ. ಬೆಂಗಳೂರಿನ ಸುತ್ತ ಸವಾರಿ ಕಲಿಸುವ ಇಂಥ ಜಾಗಗಳು ಈಗ ಬೇಕಾದಷ್ಟಿವೆ, ಅಲ್ಲಿನ ಕುದುರೆಗಳಲ್ಲಿ ರೇಸ್‌ನಿಂದ ನಿವೃತ್ತಿಯಾದವು ಸಾಕಷ್ಟು. ರೇಸ್ ಕುದುರೆ ಎರಡನೆಯ ವರ್ಷಕ್ಕೆ ಓಡಲು ಶುರುಮಾಡಿದರೆ ಆರೇಳು ವರ್ಷಕ್ಕೆ ಅದರ ನೌಕರಿ ಮುಗಿದಂತೆ. ಆಯುಸ್ಸು ಮಾತ್ರ 25 ವರ್ಷ ದಾಟುವುದುಂಟು. ಒಳ್ಳೆಯ ವಂಶದ ಹೆಣ್ಣುಗಳು ಸ್ಟಡ್ ಫಾರಂ ಸೇರುತ್ತವೆ. ಉಳಿದವು ಸವಾರಿ ಶಾಲೆಗೋ ಮದುವೆ ಮೆರವಣಿಗೆಗೋ ಹೋಗುತ್ತವೆ. ರಾಣಿಯನ್ನು ಕೊಂಡವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬ ತಂದೆ. ಮಗಳಿಗೆ ಕುದುರೆಯ ಹುಚ್ಚು. ಕುದುರೆ ಕೊಳ್ಳುವುದಕ್ಕಿಂತ ಅದನ್ನು ಸಾಕುವುದು ದುಬಾರಿ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ನಾನು ಅಲ್ಲಿಗೆ ಹೋದದ್ದು ಕುದುರೆ ಡಾಕ್ಟರ ಗೆಳೆಯನಾಗಿ, ಅವರ ಕಾರಿನಲ್ಲಿ ಖಾಲಿ ಸೀಟು ಇದ್ದದ್ದರಿಂದ. ನನಗೆ ಕುದುರೆಗಿಂತ ಕುದುರೆಯ ಸುತ್ತ ನಿಂತಿದ್ದ ಜನ ಹೆಚ್ಚು ಕುತೂಹಲ ಹುಟ್ಟಿಸಿದರು. ಅಷ್ಟು ಹೊತ್ತಿಗೆ ರಾಣಿ ಯಾಕೆ ಎಡವುತ್ತಾಳೆ ಎಂಬುದಕ್ಕೆ ಅಲ್ಲಿದ್ದ ಒಬ್ಬೊಬ್ಬರ ಬಳಿಯೂ ಒಂದೊಂದು ಉತ್ತರ ತಯಾರಿತ್ತು.

ಸೇನೆಯ ಅಶ್ವದಳದಿಂದ ನಿವೃತ್ತರಾಗಿ ಬಂದಿದ್ದ ಕೋಚ್ ಸಾಹೇಬರು ಹೇಳಿದ್ದು: ಸೋಮಾರಿತನ. ಅದಕ್ಕೆ ಅವರ ಬಳಿ ಪುರಾವೆಯೂ ಇತ್ತು. ನೆಲದ ಮೇಲೆ ಅಡ್ಡ ಕೋಲುಗಳನ್ನು ಹಾಸಿ ದಾಟಿಸಿದರೆ ರಾಣಿ ಒಂದನ್ನೂ ತಾಕಿಸದೆ ಕಾಲೆತ್ತಿ ಹೋಗುತ್ತಿದ್ದಳು. ಕೋಲು ತೆಗೆದರೆ ಮೂರನೆಯ ಸುತ್ತಿಗೆ ಸಪಾಟು ನೆಲದಲ್ಲಿ ಎಡವುತ್ತಿದ್ದಳು. "ಮನಸ್ಸು ಮಾಡಿದ್ರೆ ಎತ್ತುತ್ತೆ ನೋಡಿ," ಎಂದು ಚಾವಟಿಯ ತುದಿಯಲ್ಲಿ ತೋರಿಸಿದರು. ಪಕ್ಕದ ಲಾಯದಲ್ಲಿ ಕುದುರೆ ಇಟ್ಟಿದ್ದ ಯಜಮಾನರೊಬ್ಬರು ಸುಳಿ ಕೆಟ್ಟದ್ದು ಎಂದರು. ನಮ್ಮಲ್ಲಿ ಎತ್ತಿಗೂ ಕುದುರೆಗೂ ಸುಳಿ ನೋಡಿ ಬೆಲೆ ಕಟ್ಟುವುದು ಇವತ್ತಿನದಲ್ಲ. ಹಳೆಯ ಅಶ್ವಶಾಸ್ತ್ರಗಳಲ್ಲಿ ಶುಭ ಸುಳಿ, ಅಶುಭ ಸುಳಿಗಳಿಗೆ ಬೇಕಾದಷ್ಟು ಜಾಗ ಮೀಸಲಿದೆ. ಲಾಳ ಕಟ್ಟುವವರು ತಳಿಯ ದೋಷ ಎಂದರು: ರೇಸ್ ಕುದುರೆಗಳ ಗೊರಸೇ ಹೀಗೆ, ಅಂಗಾಲು ತೆಳು, ಹಿಮ್ಮಡಿ ತಗ್ಗು. ಲಾಯದ ಮ್ಯಾನೇಜರ್ ಏನೂ ಹೇಳಲಿಲ್ಲ. ಅವರು ಆಗಲೇ ಒಂದು ಕ್ರಮ ಕೈಗೊಂಡು ಕೈತೊಳೆದುಕೊಂಡಿದ್ದರು. ರಾಣಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗನನ್ನು, "ಕಾಲು ಸರಿಯಾಗಿ ನೋಡ್ಕೊಳ್ಳಲ್ಲ" ಎಂದು ಕೆಲಸದಿಂದ ತೆಗೆದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಗಾದೆಯಾಗಿಯೇ ಉಳಿದಿಲ್ಲ.

ಹುಡುಗಿಯ ಮೇಲೂ ಒಂದು ಆರೋಪವಿತ್ತು, ಅದು ಎಲ್ಲಕ್ಕಿಂತ ಹೆಚ್ಚು ಆಧಾರವಿದ್ದದ್ದು. ಅವಳು ಸವಾರಿ ಮಾಡುವಾಗ ಕೆಳಗೆ ನೋಡುತ್ತಾಳೆ. ಸವಾರನ ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಭಾರ ಮುಂದಕ್ಕೆ ಬರುತ್ತದೆ. ಕುದುರೆಯ ಮೈಭಾರದ ಶೇಕಡಾ 60ರಷ್ಟು ಮೊದಲೇ ಮುಂಗಾಲುಗಳ ಮೇಲಿದೆ. ಆ ಕಾಲನ್ನು ಬೇಗ ಎತ್ತಿ ಮುಂದಿಡಬೇಕಾದ ಗಳಿಗೆಯಲ್ಲಿ ಅದರ ಮೇಲೆ ಇನ್ನಷ್ಟು ಹೇರಿದರೆ ಎಡವದೆ ಏನು ಮಾಡೀತು? ಅದೂ ಅಲ್ಲದೆ, ಅವಳು ಲಗಾಮನ್ನು ಗಿಡ್ಡ ಹಿಡಿದು ರಾಣಿಯ ತಲೆಯನ್ನು ಮೇಲೆಳೆದೇ ಕೂರುತ್ತಿದ್ದಳು. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತ ಹೆಚ್ಚುಕಡಿಮೆ 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದಿರುವ ಸ್ವಲ್ಪ ಜಾಗದಲ್ಲಿ ಮೂಗಿನ ನೇರ ಕೆಳಗಿನದೂ ಒಂದು. ತಲೆ ಇಳಿಸಲು, ಅತ್ತಿತ್ತ ಆಡಿಸಲು ಬಿಟ್ಟರೆ ಮುಂದಿನ ನೆಲವನ್ನು ಅದು ಮೊದಲೇ ನೋಡಿಟ್ಟುಕೊಳ್ಳುತ್ತದೆ. ತಲೆ ಕಟ್ಟಿಹಾಕಿದರೆ ಕಾಲಿಡುವುದು ಅಂದಾಜಿನ ಮೇಲೆ.

ಆದರೆ ಹುಡುಗಿ ಕೆಳಗೆ ನೋಡುತ್ತಿದ್ದದ್ದು ಯಾಕೆ, ಲಗಾಮು ಗಿಡ್ಡ ಹಿಡಿಯುತ್ತಿದ್ದದ್ದು ಯಾಕೆ? ಒಮ್ಮೆ ಬಿದ್ದಿದ್ದಳು. ಕೋಚ್ ಸಾಹೇಬರ ಹಳೆಯ ವಿಡಿಯೊಗಳಲ್ಲಿ ಅವಳು ನೆಟ್ಟಗೆ, ಎದುರಿಗೆ ನೋಡಿಕೊಂಡೇ ಕೂತಿದ್ದಾಳೆ. ಎಡವಿದ ಮೇಲೆ ಹೆದರಿಕೆ, ಹೆದರಿಕೆಯಿಂದ ಬಾಗುವುದು, ಬಾಗಿದ್ದರಿಂದ ಮತ್ತೆ ಎಡವುವುದು. ಎಡವಿದ ಕಾಲೇ ಎಡವುವುದು ಎನ್ನುವವರು ಈ ಸುತ್ತನ್ನು ಎಂದೋ ಕಂಡುಕೊಂಡಿರಬೇಕು. ಅಂದರೆ ಹುಡುಗಿಯ ಮೇಲಿನ ಆರೋಪ ನಿಜವೇ, ಆದರೆ ಅದು ಕಥೆಯ ನಡುವಿನಿಂದ ಶುರುವಾಗುವ ನಿಜ. ಇಂಥ ನಿಜಗಳ ತೊಂದರೆಯೇ ಇದು. ಸುಳ್ಳಾಗಿದ್ದರೆ ಯಾರಾದರೂ ತಳ್ಳಿಹಾಕುತ್ತಿದ್ದರು; ನಿಜವಾಗಿರುವುದರಿಂದ ಎಲ್ಲರೂ ಅಲ್ಲಿಗೇ ನಿಂತುಬಿಟ್ಟರು.

ಎಡವುವ ಕುದುರೆಯ ಮುಂದೆ ನಿಂತವರು ತಮಗೆ ಅನುಕೂಲವಾದ ಕಾರಣವನ್ನು ಆರಿಸಿಕೊಳ್ಳುವುದು ಹಳೆಯ ಚಾಳಿ. 1702ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ವಿಲಿಯಂನ ಕುದುರೆ ಹ್ಯಾಂಪ್ಟನ್ ಕೋರ್ಟ್ ಬಳಿ ಮುಗ್ಗರಿಸಿತು. ಮೋಲ್ ಎಂಬ ಮಣ್ಣು ತೋಡುವ ಪ್ರಾಣಿ ಎಬ್ಬಿಸಿದ ಗುಪ್ಪೆಗೆ ಕಾಲು ಸಿಕ್ಕಿತು ಎಂದರು. ದೊರೆಯ ಕೊರಳೆಲುಬು ಮುರಿದು, ಆಮೇಲೆ ಶ್ವಾಸಕೋಶಕ್ಕೆ ಸೋಂಕಾಗಿ ಸತ್ತ. ಅವನಿಂದ ಪಟ್ಟ ಕಳೆದುಕೊಂಡ ಹಿಂದಿನ ದೊರೆಯ ಕಡೆಯವರು ಆ ಮೋಲ್‌ನ ಹೆಸರಿನಲ್ಲಿ ಮದ್ಯದ ಬಟ್ಟಲೆತ್ತಿ ಕುಡಿಯುತ್ತಿದ್ದರು. ಆ ಕುದುರೆ ಮೊದಲು ದೊರೆಯೇ ತಲೆ ಕಡಿಸಿದ ಶತ್ರುವೊಬ್ಬನದಾಗಿತ್ತು ಎಂಬ ಮಾತೂ ಇದೆ, ಆದ್ದರಿಂದ ಕುದುರೆ ಸೇಡು ತೀರಿಸಿಕೊಂಡಿತು ಎಂದು ನಂಬಿದವರೂ ಇದ್ದರು. ಕುದುರೆಯ ಗೊರಸು ಎತ್ತಿ ನೋಡಿದವರ ಬಗ್ಗೆ ಯಾವ ಕಥೆಯೂ ಹುಟ್ಟಲಿಲ್ಲ.

ಡಾಕ್ಟರ್ ಮೊದಲು ಬಂದದ್ದು ಭಾನುವಾರ, ಬ್ಯಾಂಕಿನವರಿಗೆ ರಜೆ ಎಂದು. ರಾಣಿ ಅವತ್ತು ಒಂದು ಸಲವೂ ಎಡವಲಿಲ್ಲ. ಗಟ್ಟಿ ನೆಲದಲ್ಲಿ ನಡೆಸಿದರು, ಇಳಿಜಾರಿನಲ್ಲಿ ಇಳಿಸಿದರು, ಚಿಕ್ಕ ಸುತ್ತು ಹಾಕಿಸಿದರು, ನಡೆಯುತ್ತಿದ್ದಾಗ ಬಾಲ ಹಿಡಿದು ಪಕ್ಕಕ್ಕೆ ಎಳೆದರು. ಬಾಲ ಎಳೆಯುವುದು ನರದ ಪರೀಕ್ಷೆ. ಕತ್ತಿನ ಮೂಳೆಗಳ ನಡುವೆ ಬೆನ್ನುಹುರಿ ಒತ್ತಿಕೊಂಡ ಕುದುರೆಗೆ ತನ್ನ ಕಾಲು ಎಲ್ಲಿದೆ ಎಂಬ ಅಂದಾಜೇ ತಪ್ಪುತ್ತದೆ, ಎಳೆದ ಕಡೆಗೆ ವಾಲುತ್ತದೆ; ಥರೋಬ್ರೆಡ್‌ಗಳಲ್ಲಿ, ಅದರಲ್ಲೂ ಎಳೆಯವುಗಳಲ್ಲಿ, ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ರಾಣಿ ಎದುರೆಳೆದು ನೆಟ್ಟಗೆ ನಡೆದಳು. ಸರ್ರಾ ಇರಬಹುದೇ ಎಂದು ರಕ್ತವನ್ನೂ ತೆಗೆದರು. ಕಚ್ಚುವ ನೊಣಗಳಿಂದ ಹರಡುವ ಈ ರೋಗದಲ್ಲಿ ಕುದುರೆ ಬಡವಾಗಿ, ಹಿಂಗಾಲು ಸೋತು ತೂರಾಡುತ್ತದೆ. 1880ರಲ್ಲಿ ದೇರಾ ಇಸ್ಮಾಯಿಲ್ ಖಾನಿನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಇದರ ಪರಾವಲಂಬಿಯನ್ನು ರಕ್ತದಲ್ಲಿ ಕಂಡುಹಿಡಿದಾಗ, ಅದು ರೋಗದ ಕಾರಣ ಎಂಬ ಅವನ ಮಾತನ್ನು ಮೇಲಿನವರು ಒಪ್ಪಿರಲಿಲ್ಲ. ರಾಣಿಯ ರಕ್ತದಲ್ಲಿ ಏನೂ ಸಿಗಲಿಲ್ಲ.

ಬ್ಯಾಂಕಿನವರಿಗೆ ಮುಜುಗರವಾಯಿತು. ಫೀಸು ಕೊಟ್ಟು ಕರೆಸಿದ್ದು ಚೆನ್ನಾಗಿ ನಡೆಯುವ ಕುದುರೆಯನ್ನು ತೋರಿಸಲಿಕ್ಕೇ ಎಂಬಂತಾಗಿತ್ತು. ಕೋಚ್ ಸಾಹೇಬರ ಮುಖದಲ್ಲಿ, ನಾನು ಹೇಳಲಿಲ್ಲವೇ ಎಂಬ ಭಾವ. ಡಾಕ್ಟರ್ ಕೈ ಒರೆಸಿಕೊಳ್ಳುತ್ತ, ರಾಣಿಯ ಹಗ್ಗ ಹಿಡಿದಿದ್ದ ಹೊಸ ಸೈಸ್‌ನ, ಅಂದರೆ ಕುದುರೆ ನೋಡಿಕೊಳ್ಳುವವರ, ಕಡೆ ತಿರುಗಿದರು. ಹೊಸಬರೆಂದರೆ ಈ ಲಾಯಕ್ಕೆ ಹೊಸಬರು. ಆಯುಸ್ಸೆಲ್ಲ ಕುದುರೆಗಳ ಜೊತೆ ಕಳೆದ ಶಿವಾಜಿನಗರದ ಮುದುಕರು, ಎಲ್ಲರಿಗೂ ಚಾಚಾ.

"ಚಾಚಾ, ಇವಳು ಯಾವ ದಿನ ಚೆನ್ನಾಗಿರ್ತಾಳೆ?"

ಅದುವರೆಗೆ ಎಲ್ಲರೂ ಕೇಳಿದ್ದು ಯಾವಾಗ ಎಡವುತ್ತಾಳೆ ಎಂದು. ಚಾಚಾ ಯೋಚಿಸಲೇ ಇಲ್ಲ.

"ಭಾನುವಾರ ಮೇಡಂ. ಶನಿವಾರ ಸಂಜೆನೂ ಪರವಾಗಿಲ್ಲ. ಬುಧವಾರ ಗುರುವಾರ ತುಂಬಾ ಕಷ್ಟ."

"ಯಾಕೆ ಹಾಗೆ?"

"ನಂಗೇನು ಗೊತ್ತು ಮೇಡಂ. ಶನಿವಾರ ಮ್ಯಾನೇಜರ್ ಸಾಹೇಬ್ರು ಪುಡಿ ಕೊಡ್ತಾರೆ, ನಾನು ಹೊಟ್ಟಿನಲ್ಲಿ ಕಲಸಿ ತಿನ್ನಿಸ್ತೀನಿ."

ಮ್ಯಾನೇಜರ್ ಅಡಗಿಸಿಡುವ ಯತ್ನವನ್ನೇನೂ ಮಾಡಲಿಲ್ಲ. ಕೇಳಿದ ಕೂಡಲೆ ಆಫೀಸಿನ ಕಪಾಟಿನಿಂದ ಡಬ್ಬಿ ತಂದು ತೋರಿಸಿದರು. ಫಿನೈಲ್‌ಬ್ಯುಟಜೋನ್, ಕುದುರೆ ಜಗತ್ತಿನಲ್ಲಿ ‘ಬ್ಯೂಟ್’ ಎಂದು ಕರೆಯುವ ನೋವಿನ ಔಷಧಿ. ಶನಿವಾರ ಭಾನುವಾರ ಸವಾರಿಗೆ ಜನ ಹೆಚ್ಚು. ರಾಣಿ ಸಾಧು, ಹೊಸಬರನ್ನು ಕೂರಿಸಲು ಒಳ್ಳೆಯದು ಎಂದು ಬ್ಯಾಂಕಿನವರಿಂದಲೇ ಒಪ್ಪಿಗೆ ಪಡೆದು ಅವಳನ್ನೂ ಬಳಸುತ್ತಿದ್ದರು. "ರೇಸ್‌ನಲ್ಲಿ ಓಡಿ ಬಂದ ಮೈ ಅಲ್ವಾ ಡಾಕ್ಟ್ರೇ, ಹಳೇ ನೋವಿರುತ್ತೆ ಪಾಪ. ಆರಾಮಾಗಿರ್ಲಿ ಅಂತ." ಈ ಮಾತಿನಲ್ಲಿ ಸುಳ್ಳಿತ್ತು ಎಂದು ನನಗೆ ಅನ್ನಿಸಲಿಲ್ಲ. ಆ ಮನುಷ್ಯ ಕುದುರೆಗಳಿಗೆ ಕೈಯೆತ್ತಿದ್ದನ್ನು ಅಲ್ಲಿ ಯಾರೂ ನೋಡಿಲ್ಲ. ರಾಣಿಗೆ ನೋವಿದೆ ಎಂದು ಅಲ್ಲಿ ಮೊದಲೇ ಗೊತ್ತಿದ್ದದ್ದೂ ಅವರಿಗೇ. ಸೋಮಾರಿತನ ಎಂದು ಕೋಚ್ ಚಾವಟಿ ಆಡಿಸುತ್ತಿದ್ದಾಗ, ಸುಳಿಯ ಮಾತು ಬಂದಾಗ, ಹುಡುಗನನ್ನು ಕೆಲಸದಿಂದ ತೆಗೆದಾಗ, ಕಾರಣದ ಅರ್ಧ ಭಾಗ ಅವರ ಕಪಾಟಿನಲ್ಲಿತ್ತು. ಬಚ್ಚಿಟ್ಟಿದ್ದೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ, ಯಾಕೆಂದರೆ ಅದರ ಬಗ್ಗೆ ಯಾರೂ ಕೇಳಿರಲಿಲ್ಲ. ತಪ್ಪು ಯಾರದು ಎಂದು ಹುಡುಕುವ ಕಡೆ, ಜನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ.

ಪುಡಿ ನಿಲ್ಲಿಸಿ, ಅದು ಮೈಯಿಂದ ಪೂರ್ತಿ ಇಳಿಯಲು ಬಿಟ್ಟು, ಡಾಕ್ಟರ್ ಮತ್ತೆ ಬಂದದ್ದು ಕೆಲಸದ ದಿನ ಬೆಳಿಗ್ಗೆ. ಸವಾರಿ ಅಂಗಳದ ಒಂದು ಮೂಲೆಯ ಮರಳನ್ನು ನೀರು ಚಿಮುಕಿಸಿ ಸಪಾಟು ಮಾಡಿಸಿದರು. ರಾಣಿಯನ್ನು ಸಡಿಲ ಹಗ್ಗದಲ್ಲಿ ಅದರ ಮೇಲೆ ನಡೆಸಿ ಎಲ್ಲರನ್ನೂ ಕೂರಿಸಿ ಹೆಜ್ಜೆ ತೋರಿಸಿದರು. ಸರಿಯಾಗಿ ನಡೆಯುವ ಕುದುರೆಯ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಇಲ್ಲವೇ ಇಡೀ ಗೊರಸು ಒಟ್ಟಿಗೆ. ಇಲ್ಲಿ ಒಂದೊಂದು ಹೆಜ್ಜೆಯ ಮುಂದೂ ಮರಳು ಉಗುರಿನಿಂದ ಗೀರಿದ ಹಾಗೆ ಕಿತ್ತಿತ್ತು, ಹಿಂದಿನ ಭಾಗ ಮೇಲುಮೇಲೆ ಒತ್ತಿತ್ತು. ಆಮೇಲೆ ಲಾಳದವರ ಚೀಲದಲ್ಲಿದ್ದ ಹಳೆಯ ಲಾಳಗಳನ್ನು ತರಿಸಿದರು. ರಾಣಿಯ ಮುಂಗಾಲಿನ ಎರಡೂ ಲಾಳ ತುದಿಯಲ್ಲಿ ಸವೆದು ತೆಳ್ಳಗಾಗಿ ಹೊಳೆಯುತ್ತಿದ್ದವು. ಹಿಂದಿನ ಎರಡು ಕೊನೆಗಳಲ್ಲಿ ಕಬ್ಬಿಣ ಹೆಚ್ಚುಕಡಿಮೆ ಹೊಸದೇ. ಸವೆತ ಅವತ್ತಿನದಲ್ಲ, ತಿಂಗಳುಗಳದು. ಲಾಳದವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಾನು ಕಿತ್ತದ್ದೇ," ಎಂದರು.

ಹಿಮ್ಮಡಿ ನೋಯುವ ಕುದುರೆ ಹಿಮ್ಮಡಿಯೂರಲು ಹಿಂಜರಿಯುತ್ತದೆ. ತುದಿಗಾಲಿನಲ್ಲಿ ಇಳಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ತುದಿ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಕೋಲು ದಾಟುವಾಗ ಎಚ್ಚರದಿಂದ ಎತ್ತುತ್ತದೆ. ಎಚ್ಚರ ಸಡಿಲವಾದ ಕೂಡಲೆ ನೋವು ತಾನೇ ನಡೆಸುತ್ತದೆ. ಕೋಚ್ ಸಾಹೇಬರ ಪುರಾವೆ ಅಲ್ಲಿಗೆ ತಿರುಗಿ ಬಿತ್ತು. ಅವರು ಒಂದು ಪ್ರಶ್ನೆ ಎತ್ತಿದರು, ಅದು ಒಳ್ಳೆಯ ಪ್ರಶ್ನೆ: "ನೋವಿದ್ರೆ ಕುಂಟಬೇಕಲ್ಲ ಮೇಡಂ? ಈ ಕುದುರೆ ಒಂದು ದಿನಾನೂ ಕುಂಟಿಲ್ಲ."

ಡಾಕ್ಟರ್ ಉತ್ತರ ಕೊಡದೆ ಎಡಗಾಲಿನ ಗೊರಸಿನ ಮೇಲ್ಗಡೆ, ಹಿಂಬದಿಯ ಎರಡು ಪಕ್ಕ ಬೋಳಿಸಿ ತೊಳೆದು, ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಹತ್ತು ನಿಮಿಷ ಕಾದು, ಬಾಲ್‌ಪೆನ್ನಿನ ತುದಿಯಿಂದ ಹಿಮ್ಮಡಿಯ ಮೇಲಿನ ಚರ್ಮ ಒತ್ತಿ ಸ್ಪರ್ಶವಿಲ್ಲವೆಂದು ಖಾತ್ರಿ ಮಾಡಿಕೊಂಡು ಓಡಿಸಿದರು. ರಾಣಿ ಕುಂಟತೊಡಗಿದಳು, ಬಲಗಾಲಿನಲ್ಲಿ. ಬಲಗಾಲು ನೆಲಕ್ಕೆ ತಾಕಿದಾಗಲೆಲ್ಲ ತಲೆ ಮೇಲೆ ಹಾರುತ್ತಿತ್ತು. ಸುತ್ತ ನಿಂತವರು ಇದೇನು, ಚುಚ್ಚಿದ್ದು ಎಡಗಾಲಿಗಲ್ಲವೇ ಎಂದು ಮುಖ ಮುಖ ನೋಡಿಕೊಂಡರು. ಬಲಗಾಲಿಗೂ ಅದೇ ಚುಚ್ಚುಮದ್ದು ಬಿತ್ತು. ಮತ್ತೆ ಹತ್ತು ನಿಮಿಷ ಕಳೆದ ಮೇಲೆ ನಾವು ನೋಡಿದ್ದು ಬೇರೆ ಕುದುರೆಯನ್ನು. ಹೆಜ್ಜೆ ಉದ್ದವಾಗಿತ್ತು, ಕತ್ತು ಇಳಿದಿತ್ತು, ಅಂಗಳದ ಉದ್ದಕ್ಕೂ ಒಂದು ಸಲ ತುದಿ ತಾಗಲಿಲ್ಲ.

ಕುಂಟುವುದೆಂದರೆ ನೋಯುವ ಕಾಲಿನ ಭಾರವನ್ನು ನೋಯದ ಕಾಲಿಗೆ ದಾಟಿಸುವುದು. ಎರಡೂ ಒಂದೇ ಸಮ ನೋಯುತ್ತಿದ್ದರೆ ದಾಟಿಸಲು ಜಾಗವಿಲ್ಲ. ಕುದುರೆ ಕುಂಟದೆ ನಡೆಯುತ್ತದೆ, ಬರೀ ಗಿಡ್ಡ ಹೆಜ್ಜೆ ಹಾಕುತ್ತದೆ, ಸೋಮಾರಿಯ ಹಾಗೆ ಕಾಣುತ್ತದೆ. ಎಲ್ಲೋ ಒಂದು ಕಡೆ ನೋಯುವವನ ಸಂಕಟ ನಮಗೆ ಬೇಗ ಕಾಣುತ್ತದೆ. ಎಲ್ಲ ಕಡೆ ನೋಯುವವನಿಗೆ ನಾವು ಸ್ವಭಾವ ಎಂದು ಹೆಸರಿಟ್ಟುಬಿಡುತ್ತೇವೆ. ಸ್ವಭಾವ ಎಂದಮೇಲೆ ಮುಂದೆ ಹುಡುಕುವ ಶ್ರಮವಿಲ್ಲ. ಸುಳಿ ನೋಡಿದವರೂ ಸೋಮಾರಿ ಎಂದವರೂ ತಳಿ ಎಂದವರೂ, ಮೂರು ಬೇರೆ ವಿದ್ಯೆಯವರಾದರೂ, ಮಾಡಿದ್ದು ಒಂದೇ ಕೆಲಸ: ಕಾರಣವನ್ನು ಕುದುರೆಯ ಒಳಗೆ ಇಟ್ಟು ಬಾಗಿಲು ಹಾಕಿದ್ದು.

ಎಕ್ಸ್‌ರೇಯಲ್ಲಿ ಉಳಿದದ್ದು ಕಂಡಿತು. ಗೊರಸಿನ ಒಳಗೆ, ಹಿಂಭಾಗದಲ್ಲಿ, ದೋಣಿಯಾಕಾರದ ಒಂದು ಪುಟ್ಟ ಮೂಳೆಯಿದೆ, ನ್ಯಾವಿಕ್ಯುಲರ್ ಎನ್ನುತ್ತಾರೆ. ಕಾಲನ್ನು ಮಡಚುವ ದಪ್ಪ ಸ್ನಾಯುರಜ್ಜು ಅದರ ಮೇಲೆ ಹಾದುಹೋಗುತ್ತದೆ. ಗೊರಸಿನ ತುದಿ ಉದ್ದವಾಗಿ ಹಿಮ್ಮಡಿ ತಗ್ಗಿದಷ್ಟೂ ಆ ರಜ್ಜು ಬಿಗಿಯುತ್ತದೆ, ಮೂಳೆಯನ್ನು ಅದುಮುತ್ತದೆ. ರಾಣಿಯ ಮೂಳೆಯಲ್ಲಿ ಬದಲಾವಣೆ ಶುರುವಾಗಿತ್ತು, ವಿಪರೀತಕ್ಕೆ ಹೋಗಿರಲಿಲ್ಲ. ಗೊರಸಿನ ಆಕಾರ ಮಾತ್ರ ಯಾರಿಗಾದರೂ ಕಾಣುವಂತಿತ್ತು. ಉದ್ದ ತುದಿಯ ಗೊರಸಿನಲ್ಲಿ ನಡೆಯುವುದು ಅಪ್ಪನ ಚಪ್ಪಲಿ ಹಾಕಿಕೊಂಡ ಮಗು ನಡೆದ ಹಾಗೆ. ಕಾಲು ಮುಂದೆ ಬಂದರೂ ಚಪ್ಪಲಿಯ ಮೂತಿ ಇನ್ನೂ ನೆಲ ಬಿಟ್ಟಿರುವುದಿಲ್ಲ.

ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಬೆಳೆಯುತ್ತದೆ. ಲಾಳ ಇರುವುದರಿಂದ ಸವೆಯುವುದಿಲ್ಲ. ಆದ್ದರಿಂದ 5–6 ವಾರಕ್ಕೊಮ್ಮೆ ಲಾಳ ಬಿಚ್ಚಿ, ಕೆತ್ತಿ, ಮತ್ತೆ ಕಟ್ಟಬೇಕು. ರಾಣಿಗೆ ಎಷ್ಟು ವಾರಕ್ಕೊಮ್ಮೆ ಎಂದು ಕೇಳಿದರೆ ಒಬ್ಬರೂ ನೇರವಾಗಿ ಹೇಳಲಿಲ್ಲ. ಮ್ಯಾನೇಜರ್ ಎಲ್ಲ ಕುದುರೆಗೂ ಒಟ್ಟಿಗೆ ಲಾಳದವರನ್ನು ಕರೆಸುತ್ತಿದ್ದರು, ಒಂದೊಂದಕ್ಕೇ ಕರೆಸಿದರೆ ಓಡಾಟದ ಖರ್ಚು ಜಾಸ್ತಿ. ಬ್ಯಾಂಕಿನವರು, ಇನ್ನೂ ಗಟ್ಟಿಯಾಗಿದೆ, ಮುಂದಿನ ಸಲ ನೋಡೋಣ ಎಂದು ಫೋನಿನಲ್ಲಿ ಹೇಳಿದ್ದುಂಟು. ಲಾಳದವರು ಒಂದು ಮಾತು ಹೇಳಿದರು, ಆ ದಿನ ನಾನು ಕೇಳಿದ್ದರಲ್ಲಿ ಅದು ಬಹಳ ತೂಕದ್ದು. "ಹಿಮ್ಮಡಿಗೆ ಆಸರೆ ಸಿಗೋ ಹಾಗೆ ಲಾಳ ಹಿಂದಕ್ಕೆ ಉದ್ದ ಬಿಟ್ರೆ, ಹಿಂಗಾಲಲ್ಲಿ ತುಳ್ಕೊಂಡು ಕಿತ್ಕೊಳ್ತಾವೆ. ಲಾಳ ಉದುರಿದ್ರೆ ನಂಗೇ ಬೈತೀರಿ. ಗಿಡ್ಡ ಕಟ್ಟಿದ್ರೆ ಉದುರಲ್ಲ, ಯಾರೂ ಬೈಯಲ್ಲ." ಉದುರಿದ ಲಾಳ ಎಲ್ಲರಿಗೂ ಕಾಣುತ್ತದೆ, ಒಳಗೆ ಅದುಮಿದ ಮೂಳೆ ಕಾಣುವುದಿಲ್ಲ. ಬೈಗುಳ ಕಾಣುವ ಕಡೆ ಬೀಳುವುದರಿಂದ ಕೆಲಸಗಾರ ತನ್ನ ಕಸುಬನ್ನೇ ಬೈಗುಳಕ್ಕೆ ತಕ್ಕ ಹಾಗೆ ತಿದ್ದಿಕೊಂಡಿದ್ದರು. ಇದನ್ನು ಬೇಜವಾಬ್ದಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಫೀಸುಗಳಲ್ಲಿ, ಶಾಲೆಗಳಲ್ಲಿ ನಾವೆಲ್ಲ ಕಟ್ಟುತ್ತಿರುವ ಲಾಳ ಇಂಥದ್ದೇ.

ಜಾತಕ ಕಥೆಗಳಲ್ಲಿ ಕುಂಟುವ ಕುದುರೆಯದೊಂದು ಪ್ರಕರಣವಿದೆ, ಗಿರಿದತ್ತ ಜಾತಕ. ಕಾಶಿಯ ರಾಜ ಸಾಮನ ಪಟ್ಟದ ಕುದುರೆ ಪಾಂಡವ ಇದ್ದಕ್ಕಿದ್ದಂತೆ ಕುಂಟತೊಡಗುತ್ತದೆ. ವೈದ್ಯರು ನೋಡಿ ಮೈಯಲ್ಲಿ ಯಾವ ರೋಗವೂ ಇಲ್ಲ ಎನ್ನುತ್ತಾರೆ. ರಾಜ ತನ್ನ ಸಲಹೆಗಾರನಾಗಿದ್ದ ಬೋಧಿಸತ್ವನನ್ನು ಕಳಿಸುತ್ತಾನೆ. ಅವನು ಕುದುರೆಯನ್ನಷ್ಟೇ ನೋಡದೆ ಅದನ್ನು ನಡೆಸುವವನನ್ನೂ ನೋಡುತ್ತಾನೆ. ಅವನ ಹೆಸರು ಗಿರಿದತ್ತ, ಅವನು ಕುಂಟ. ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದವನನ್ನು ನೋಡಿ, ಇವನು ನನಗೆ ನಡೆ ಕಲಿಸುತ್ತಿದ್ದಾನೆ ಎಂದುಕೊಂಡು ಕುದುರೆ ಅವನಂತೆಯೇ ನಡೆಯುತ್ತಿತ್ತು. ಬೇರೆ ಸೈಸ್ ಬಂದ, ಕುದುರೆ ಸರಿಯಾಯಿತು. ಕಥೆ ಹೇಳಿದ್ದು ಕೆಟ್ಟ ಸಹವಾಸದ ಬಗ್ಗೆ. ನನಗೆ ಮುಖ್ಯವೆನ್ನಿಸುವುದು ಬೇರೆ: ರೋಗವಿಲ್ಲ ಎಂದ ವೈದ್ಯರೂ ಸರಿಯಾಗಿಯೇ ಹೇಳಿದ್ದರು. ರೋಗವಿಲ್ಲ ಎಂದಮಾತ್ರಕ್ಕೆ ಕಾರಣವಿಲ್ಲ ಎಂದಾಗಲಿಲ್ಲ, ಆ ಕಾರಣ ಕುದುರೆಯ ಹೊರಗೆ ನಿಂತಿತ್ತು. ಇನ್ನೊಂದು ಸಂಗತಿ ಕಥೆಯಲ್ಲಿ ಇಲ್ಲವೇ ಇಲ್ಲ. ಕಾಲಿನ ಕಾರಣಕ್ಕೆ ಕುದುರೆಯಿಂದ ಬೇರೆಯಾದ ಗಿರಿದತ್ತನ ಗತಿ ಏನಾಯಿತು?

ನಮ್ಮ ಲಾಯದಲ್ಲೂ ಒಬ್ಬ ಇದ್ದನಲ್ಲ. ಚಾಚಾ ಅವನ ಮಾತೆತ್ತಿದ್ದು ಎಲ್ಲ ಮುಗಿದು ಡಾಕ್ಟರ್ ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದಾಗ. ಆ ಹುಡುಗ ಹೋಗುವ ಮುಂಚೆ ಕೆಲಸ ಒಪ್ಪಿಸುತ್ತ ಒಂದು ಮಾತು ಹೇಳಿದ್ದನಂತೆ: ರಾಣಿ ಕಟ್ಟಿದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಎಡಗಾಲು ಮುಂದೆ ಚಾಚುತ್ತಾಳೆ, ಸ್ವಲ್ಪ ಹೊತ್ತು ಬಲಗಾಲು. ಮ್ಯಾನೇಜರಿಗೂ ಹೇಳಿದ್ದನಂತೆ. ಡಾಕ್ಟರ್ ಡಿಕ್ಕಿ ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಹಿಮ್ಮಡಿ ನೋವಿನ ಲಕ್ಷಣಗಳಲ್ಲಿ ಪುಸ್ತಕದಲ್ಲಿ ಮೊದಲೇ ಬರುವಂಥದ್ದು ಅದು. ಎಡವುವ ಮುಂಚೆಯೇ, ಬೀಳುವ ಮುಂಚೆಯೇ ಅದನ್ನು ಕಂಡಿದ್ದವನನ್ನು ಕಾಲು ನೋಡಿಕೊಳ್ಳಲಿಲ್ಲ ಎಂದು ಕಳಿಸಿದ್ದರು. ಮತ್ತೆ ಕರೆಯೋಣ ಎಂದು ಬ್ಯಾಂಕಿನವರು ಹೇಳಿದ್ದು ನಿಜ. ಅವನ ಫೋನ್ ನಂಬರ್ ಯಾರ ಬಳಿಯೂ ಇರಲಿಲ್ಲ.

ಲಾಳದ ವಿಷಯ ಸರಿಪಡಿಸುವುದು ಕಷ್ಟವೇನಲ್ಲ. ತುದಿ ಕೆತ್ತಿ, ಲಾಳದ ಮೂತಿಯನ್ನು ದುಂಡಗೆ ಮಾಡಿ, ಹಿಮ್ಮಡಿಗೆ ಆಸರೆ ಕೊಟ್ಟು ಕಟ್ಟಿದರು. ಲಾಳ ತುಳಿದುಕೊಳ್ಳದಂತೆ ಮುಂಗಾಲಿಗೆ ರಬ್ಬರಿನ ಗಂಟೆಯಾಕಾರದ ಬೂಟು ಬಂತು. 5 ವಾರಕ್ಕೊಮ್ಮೆ ತಪ್ಪದೆ ಲಾಳ. ಗೊರಸು ತುದಿಯವರೆಗೆ ಹೊಸದಾಗಿ ಬೆಳೆಯಲು ಒಂದು ವರ್ಷದಷ್ಟು ಕಾಲ ಬೇಕು, ಅಲ್ಲಿಯವರೆಗೆ ಹಗುರ ಕೆಲಸ. ಕೇಳಬೇಕಾದ ಪ್ರಶ್ನೆಯನ್ನು ಬ್ಯಾಂಕಿನವರೂ ಕೇಳಿದರು: ಆ ನರವನ್ನೇ ಕತ್ತರಿಸಿಬಿಟ್ಟರೆ? ಅಂಥ ಶಸ್ತ್ರಚಿಕಿತ್ಸೆ ಇದೆ. ಹಿಮ್ಮಡಿಗೆ ಸ್ಪರ್ಶವೇ ಇಲ್ಲವಾಗುತ್ತದೆ, ಕುದುರೆ ನೋವಿಲ್ಲದೆ ಓಡುತ್ತದೆ. ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ಗೊರಸಿಗೆ ಮೊಳೆ ಹೊಕ್ಕರೂ ಗೊತ್ತಾಗುವುದಿಲ್ಲ, ರಜ್ಜು ಹರಿದುಹೋಗುವ ಅಪಾಯ ಬೇರೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಅಂಥ ಕುದುರೆಗಳನ್ನು ಸ್ಪರ್ಧೆಗೆ ಬಿಡುವುದಿಲ್ಲ. ಡಾಕ್ಟರ್ ಇಷ್ಟನ್ನು ಹೇಳಿ, "ಪುಡಿ ವಾರಕ್ಕೊಮ್ಮೆ ಮಾಡ್ತಿದ್ದ ಕೆಲಸಾನ ಇದು ವರ್ಷಗಟ್ಟಲೆ ಮಾಡುತ್ತೆ," ಎಂದರು. ಎಲ್ಲ ದಾರಿ ಮುಚ್ಚಿದ ಕುದುರೆಗೆ ಕೊನೆಯ ಉಪಾಯವಾಗಿ ಅದನ್ನು ಮಾಡುವ ವೈದ್ಯರಿದ್ದಾರೆ, ಅವರನ್ನು ನಾನು ಕ್ರೂರಿಗಳೆನ್ನಲಾರೆ. ಆದರೆ ರಾಣಿಯ ಮುಂದೆ ಬೇರೆ ದಾರಿಗಳಿದ್ದವು, ಖರ್ಚಿನ ದಾರಿಗಳು.

ಆನಾ ಸೂವೆಲ್ 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯಲ್ಲಿ ಕುಡಿದ ಸವಾರನೊಬ್ಬ ಸಡಿಲವಾದ ಲಾಳವನ್ನು ಲೆಕ್ಕಿಸದೆ ಕಲ್ಲು ರಸ್ತೆಯಲ್ಲಿ ಓಡಿಸಿ, ಕುದುರೆ ಮುಗ್ಗರಿಸಿ, ತಾನು ಸಾಯುತ್ತಾನೆ. ವಿಚಾರಣೆಯಲ್ಲಿ ಕುದುರೆಯದೇನೂ ತಪ್ಪಿಲ್ಲ ಎಂದು ತೀರ್ಮಾನವಾಗುತ್ತದೆ. ಆದರೂ ಮೊಣಕಾಲಿನ ಗಾಯದ ಗುರುತಿನಿಂದ ಅದರ ಬೆಲೆ ಇಳಿದು, ಕೈಯಿಂದ ಕೈಗೆ ಹೋಗುತ್ತ ಕೆಳಗಿಳಿಯುತ್ತದೆ. ಸಂತೆಯಲ್ಲಿ ತೀರ್ಪಿನ ಪ್ರತಿಯನ್ನು ಯಾರೂ ಓದುವುದಿಲ್ಲ, ಮೊಣಕಾಲು ನೋಡುತ್ತಾರೆ. ಹದಿಹರೆಯದಲ್ಲೇ ಕಾಲಿಗೆ ಪೆಟ್ಟಾಗಿ ಜೀವನಪೂರ್ತಿ ನಡೆಯಲು ಕಷ್ಟಪಟ್ಟ, ಓಡಾಟಕ್ಕೆ ಕುದುರೆಗಾಡಿಯನ್ನೇ ನಂಬಿದ್ದ ಹೆಂಗಸು ಬರೆದ ಪುಸ್ತಕ ಅದು.

ಹುಡುಗಿ ಈಗ ದ್ವಿತೀಯ ಪಿಯುಸಿ. ಸವಾರಿಗೆ ಸಮಯವಿಲ್ಲ, ರಾಣಿಯನ್ನು ಮಾರಲು ಮನೆಯಲ್ಲಿ ತೀರ್ಮಾನವಾಯಿತು. ಮೈಸೂರಿನ ಕಡೆಯಿಂದ ಒಬ್ಬರು ಮಗನನ್ನು ಕರೆದುಕೊಂಡು ನೋಡಲು ಬಂದರು. ರಾಣಿ ಚೆನ್ನಾಗಿಯೇ ನಡೆದಳು. ಇಳಿಜಾರಿನಲ್ಲಿ, ದಣಿದಾಗ, ಈಗಲೂ ಒಮ್ಮೊಮ್ಮೆ ತುದಿ ತಾಗುವುದುಂಟು, ಅವತ್ತು ತಾಗಲಿಲ್ಲ. ಬಂದವರು ಬಗ್ಗಿ ಮೊಣಕಾಲಿನ ಬಿಳಿ ಕೂದಲು ಸವರಿ, "ಎಡವುತ್ತಾ?" ಎಂದು ಕೇಳಿದರು. ಬ್ಯಾಂಕಿನವರು ಎಕ್ಸ್‌ರೇಗಳನ್ನೂ ಲಾಳ ಕಟ್ಟಿದ ದಿನಗಳ ಪಟ್ಟಿಯನ್ನೂ ಕೈಗೆ ಕೊಟ್ಟು ಎಲ್ಲ ಹೇಳಿದರು. ಬಂದವರು ಮರ್ಯಾದೆಯಿಂದ ಕೇಳಿಸಿಕೊಂಡು, ಮನೆಯಲ್ಲಿ ಮಾತಾಡಿ ಫೋನ್ ಮಾಡುವುದಾಗಿ ಹೇಳಿ ಹೋದರು. ಗೇಟಿನವರೆಗೆ ಹೋಗಿ ಬಂದ ಮ್ಯಾನೇಜರ್, ನಿಜವಾದ ಕನಿಕರದಿಂದಲೇ ಹೇಳಿದರು: "ಇಷ್ಟೆಲ್ಲ ಯಾಕೆ ಹೇಳೋಕೆ ಹೋದ್ರಿ ಸಾರ್? ಸುಮ್ನೆ ಇದ್ದಿದ್ರೆ ಇವತ್ತೇ ಗಾಡಿ ಹತ್ತಿಸ್ಬಹುದಿತ್ತು."

ಫೋನ್ ಬರಲಿಲ್ಲ. ರಾಣಿಯ ತಿಂಗಳ ಖರ್ಚನ್ನು ಬ್ಯಾಂಕಿನವರೇ ಕಟ್ಟುತ್ತಿದ್ದಾರೆ.